ಹೆಸರು, ವಯಸ್ಸು, ಊರು

ಆಸ್ಪತ್ರೆಯ ನೆಲಮಾಳಿಗೆ, ಎಕ್ಸರೇ ಕೋಣೆ.
ಹತ್ತೊಂಬತ್ತು ವರ್ಷದಿಂದ ನನ್ನ ಮಾತು ಇಷ್ಟೇ:
ಬಳೆ ತೆಗೀರಿ. ಸರ ತೆಗೀರಿ.
ಉಸಿರು ಹಿಡೀರಿ.
ಬಿಡಿ.

ಶಿವಮೊಗ್ಗದ ಅರ್ಧ ಊರಿನ ಪಕ್ಕೆಲುಬು ನೋಡಿದ್ದೇನೆ.
ಗಾಂಧಿ ಬಜಾರಿನ ಬೆಳ್ಳಿ ಅಂಗಡಿಯವನದು,
ಅವನ ಮೂಟೆ ಹೊರುವವನದು,
ಬಿಳಿ ನೆರಳಲ್ಲಿ ಎಲ್ಲ ಒಂದೇ ಜಾತಿ.
ಒಬ್ಬ ಹೆಣ್ಣನ್ನೂ ಇಲ್ಲಿ ಕೆಟ್ಟ ಕಣ್ಣಲ್ಲಿ ನೋಡಿಲ್ಲ.
ಇಗರ್ಜಿಯ ಯುವಕರ ಕೂಟದಲ್ಲಿ ಒಮ್ಮೆ
ಹಾಗಂತ ಹೇಳಿದೆ. ಚಪ್ಪಾಳೆ ತಟ್ಟಿದರು.

ರಾತ್ರಿಯದು ಬೇರೆ.
ಜಸಿಂತಾ ಜಪಸರ ಮುಗಿಸಿ ಗೋಡೆ ಕಡೆ ತಿರುಗಿದ ಮೇಲೆ
ಬಚ್ಚಲಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು,
ನಲ್ಲಿ ಸಣ್ಣಗೆ ಬಿಟ್ಟು,
ಅಂಗೈಯಗಲದ ಬೆಳಕು.
ಒಂದೇ ಒಂದು ಅಂತ ಕೂತವನು ಮೂರು ಗಂಟೆಗೆ ಏಳುತ್ತಿದ್ದೆ,
ಕಾಲು ಜೋಮು ಹಿಡಿದು, ಬಾಯಿ ಒಣಗಿ.
ಸುಖವೇನೂ ಇರುತ್ತಿರಲಿಲ್ಲ, ಇದನ್ನು ಯಾರೂ ನಂಬುವುದಿಲ್ಲ.
ತುರಿಕೆ ಕೆರೆದ ಹಾಗೆ:
ಕೆರೆದಷ್ಟೂ ಚರ್ಮವೇ ಕಡಿಮೆ.

ಪ್ರತಿ ತಪಸ್ಸುಕಾಲ ಮಾಂಸ ಬಿಟ್ಟೆ, ಬೀಡಿ ಬಿಟ್ಟೆ.
ಒಂದು ವರ್ಷ, ವಿಭೂತಿ ಬುಧವಾರದ ಬೂದಿ
ಹಣೆಯಲ್ಲಿ ಇರುವಾಗಲೇ...
ಬೇಡ, ಅದನ್ನು ಬರೆಯಲಾರೆ.

ಕಳೆದ ಆಷಾಢದಲ್ಲಿ ಒಬ್ಬಳು ಬಂದಳು.
ಮಣಿಕಟ್ಟು ಮುರಿದಿತ್ತು. ಬಿದ್ದೆ ಅಂದಳು.
ಫಿಲಂ ಎತ್ತಿ ಹಿಡಿದರೆ
ಹೊಸ ಬಿರುಕಿನ ಪಕ್ಕ ಹಳೆಯವು ಎರಡು,
ತಮ್ಮಷ್ಟಕ್ಕೆ ಸೊಟ್ಟಗೆ ಕೂಡಿಕೊಂಡವು.
ಬಿದ್ದ ಮೂಳೆ ಒಂದು ಸಲ ಮುರಿಯುತ್ತದೆ, ಮೂರು ಸಲವಲ್ಲ.
ರೂಢಿಯಂತೆ ಕೇಳಿದೆ: ಹೆಸರು? ವಯಸ್ಸು? ಊರು?
"ಕುಸುಮಾವತಿ," ನಿಧಾನಕ್ಕೆ ಅಂದಳು,
ಯಾರೋ ಬಹಳ ದಿನದ ಮೇಲೆ ಕೇಳಿದರು ಎಂಬಂತೆ.
"ಇಪ್ಪತ್ತಾರು. ರಿಪ್ಪನ್‌ಪೇಟೆ."

ಆ ರಾತ್ರಿ ಪರದೆಯ ಹೆಂಗಸಿನ ಮಣಿಕಟ್ಟು ನೋಡಿದೆ.
ಇಷ್ಟು ವರ್ಷಕ್ಕೆ ಮೊದಲ ಸಲ, ಮಣಿಕಟ್ಟು.
ಇವಳಿಗೆ ಹೆಸರೇನು? ಯಾವೂರು?
ಎದ್ದು ಬಂದೆ ಅಂದುಕೊಳ್ಳಬೇಡಿ, ಇನ್ನೂ ಅರ್ಧ ಗಂಟೆ ಕೂತೆ.
ಆದರೆ ಹಾಲಿಗೆ ಹುಳಿ ಬಿದ್ದಾಗಿತ್ತು.

ಪಾಪನಿವೇದನೆಯ ಜಾಲರಿಯಾಚೆ ಹೊಸ ಗುರುಗಳು,
ನನ್ನ ಕೊನೇ ತಮ್ಮನ ವಯಸ್ಸು.
ಕೆಟ್ಟ ಯೋಚನೆಗಳು ಅಂತ
ಎಂದಿನಂತೆ ಪೊಟ್ಟಣ ಕಟ್ಟಿ ಕೊಡುವವನಿದ್ದೆ.
ಬಾಯಿ ತಪ್ಪಿ ಬಕೆಟ್ಟು, ನಲ್ಲಿ, ಎಲ್ಲ ಬಂತು.
ಆ ಕಡೆ ಫ್ಯಾನಿನ ಸದ್ದು ಮಾತ್ರ, ಬಹಳ ಹೊತ್ತು.
ಆಮೇಲೆ: "ನಾನೂ ರಾತ್ರಿ ಫೋನನ್ನು
ಅಡುಗೆಯ ಬಸ್ತಿಯಣ್ಣನ ಕೈಗೆ ಕೊಟ್ಟು ಮಲಗುತ್ತೇನೆ."
ನರಕದ ಮಾತು ಎತ್ತಲಿಲ್ಲ. ಕ್ಷಮಿಸಿದರು.
"ಮನೆಯಲ್ಲಿ ಹೇಳಿ" ಅಂದರು.
ನರಕ ಅದೇ ಅಂತ ಅವರಿಗೇನು ಗೊತ್ತು.

ಹೇಳಿದೆ. ಜಸಿಂತಾ ಮೀನು ಹೆಚ್ಚುತ್ತಿದ್ದಳು.
ಬೈಗುಳಕ್ಕೆ, ಅಳುವಿಗೆ, ತವರಿಗೆ ಹೊರಟಾಳೆಂಬುದಕ್ಕೆ,
ಎಲ್ಲಕ್ಕೂ ತಯಾರಾಗಿದ್ದೆ.
ಕತ್ತಿ ತೊಳೆದಿಟ್ಟು ಕೇಳಿದಳು:
"ನನ್ನ ಹೆಸರು ಹಿಡಿದು ಕರೆದು ಎಷ್ಟು ವರ್ಷ ಆಯ್ತು ನೀವು?"
ಏಯ್. ಇಲ್ನೋಡು. ಕೇಳಿಸ್ತಾ.
ಬೇರೇನೂ ನೆನಪಿಗೆ ಬರಲಿಲ್ಲ.
ಎಂಟು ದಿನ ಮಾತಿಲ್ಲ. ಒಂಬತ್ತನೇ ರಾತ್ರಿ
ನನ್ನ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತು
ಮುಚ್ಚಳದ ಮೇಲೆ ಕಲ್ಲಿನ ಕುಟ್ಟಾಣಿ ಇಟ್ಟಳು.

ಇಪ್ಪತ್ತಮೂರನೇ ದಿನ ಕುಟ್ಟಾಣಿ ಎತ್ತಿದೆ, ಸದ್ದಾಗದ ಹಾಗೆ.
ಬೆಳಿಗ್ಗೆ ನಾನೇ ಹೇಳಿದೆ.
ಮತ್ತೆ ಒಂದರಿಂದ ಎಣಿಕೆ.

ವಿದ್ಯಾನಗರದ ಬಸ್ಸು ತುಂಗೆಯ ಸೇತುವೆ ದಾಟುವಾಗ
ಯೋಚಿಸುತ್ತೇನೆ: ತೋಟದ ಮೊದಲ ಗಂಡಸಿಗೆ
ದೇವರು ಒಪ್ಪಿಸಿದ ಕೆಲಸ ಹೆಸರಿಡುವುದು.
ಬೆತ್ತಲೆಯೆಂಬ ನಾಚಿಕೆ ಆಮೇಲೆ ಬಂದದ್ದು.

ಚಾರ್ಜರ್ ಚುಚ್ಚುವ ತೂತಿನಲ್ಲಿ ಒಂದು ನುಚ್ಚಕ್ಕಿ.
ಪಿನ್ನಿನಿಂದ ಕೆದಕಿದರೆ ಇನ್ನೂ ಒಳಗೆ ಹೋಯಿತು.
ಇರಲಿ.
ಬಾಗಿಲಾಚೆ ಸಾಲು ನಿಂತಿದೆ, ಚೀಟಿ ಹಿಡಿದು.
ಮೊದಲನೆಯದು ಆಯನೂರಿನ ಅಜ್ಜಿ, ಸೊಂಟ.
ಹೆಸರು ಕೇಳುತ್ತೇನೆ.
ಕಿವಿ ಮಂದ.
ಹತ್ತಿರ ಬಗ್ಗಿ ಮತ್ತೊಮ್ಮೆ ಕೇಳುತ್ತೇನೆ.